ಏನೂ ಕೊಡೂದಿಲ್ಲ

ಶಹಾಬಾದಿನ್ಯಾಗ ಗ್ವಾಡಿ ಬರಿಯಾಂವ ನಾ.
ಯಾವ ಪಾರ್ಟಿ ಗುರ್ತೂ ಬಿಟ್ಟಿಲ್ಲ,
ಒಂದರ ಮ್ಯಾಲ ಸುಣ್ಣ ಹೊಡದು ಇನ್ನೊಂದು.
ಅರ್ಧಾ ರೊಕ್ಕ ಮೊದಲ.
ಉಳದರ್ಧಾ ಗೆದ್ದವರೂ ಕೊಡಾಂಗಿಲ್ಲ, ಸೋತವರೂ.

ಆ ಸಲ ರೊಟ್ಟಿ ತಂಗೆಮ್ಮ ಬಂದ್ಳು,
ಕೈಯಾಗ ಇನ್ನಾ ಹಿಟ್ಟಿತ್ತು.
ಮೂರನೇ ವಾರ್ಡಿಗಿ ನಿಂತೀನಿ, ಬರಿ.
ಏನಂತ ಬರೀಲಿ ಯಕ್ಕಾ?
‘ಏನೂ ಕೊಡೂದಿಲ್ಲ. ಲೆಕ್ಕ ಕೊಡ್ತೀನಿ.’
ಇಷ್ಟೇನಾ?
ಇಷ್ಟ. ಅಕ್ಷರ ದೊಡ್ಡೂ ಮಾಡು,
ಲಾಡ್ಲೇಸಾಬಗ ಚಸ್ಮಾ ಇಲ್ಲದ ಕಾಣಬೇಕು.

ಆಕಿ ನಿಂತಿದ್ದು ಗಟಾರಕ್ಕ.
ಮ್ಯಾಲಿನ ಕಲ್ಲು ಒಡದು, ಶೇಕಮ್ಮನ ಎಮ್ಮಿ ಕಾಲು ಮುರದಿತ್ತು.
ಅರ್ಜಿ ಬ್ಯಾಡ ಅಂದಿದ್ಳು ತಂಗೆಮ್ಮ.
ಮನಿಗಿ ನೂರು ರೂಪಾಯಿ, ನಲವತ್ತೊಂದು ಮನಿ.
ಲಾಡ್ಲೇಸಾಬ ಫರ್ಸಿ ಕೊಯ್ದ, ಕೂಲಿ ಅಷ್ಟ ಹಿಡದ.
ಊರೇ ಕಲ್ಲಿನ ಮ್ಯಾಲ ಅದ, ಗಟಾರ ಯಾಕ ಬತ್ತಲಿ ಇರಬೇಕು?
ಉಳದ ಹದಿನಾರು ರೂಪಾಯಿ ಯಾರದು ಅಂತ
ಎರಡು ಸಂಜಿ ಮಾತಾಡಿದ್ರು, ಚಾ ಸುದ್ದಾ ಕುಡೀಲಿಲ್ಲ ಅದರಾಗ.

ಮೂರು ತಿಂಗಳಿಗಿ ನಗರಸಭಾದ ಗ್ವಾಡಿಗಿ ಪಟ್ಟಿ ಬಂತು:
ಮೂರನೇ ವಾರ್ಡು, ಗಟಾರ ದುರಸ್ತಿ, ಎರಡು ಲಕ್ಷ, ಪೂರ್ಣ.
ಆಕಿ ಅಕ್ಷರ ಕೂಡಿಸಿ ಓದಾಕಿ.
‘ಪೂರ್ಣ’ ಅನ್ನೂದಕ್ಕ ಬಕ್ಕಳ ಹೊತ್ತು ಹಿಡೀತು.

ಆಕಿ ಕಾಗದ ಇಡೂ ಕೈಚೀಲ ನೀವು ನೋಡಬೇಕು.
ಹಳೀ ಅರಿವಿ, ಬಣ್ಣ ಹೋದ ಪಟ್ಟಿ, ಒಂದೆರಡು ಚುಕ್ಕಿ,
ನಡುವ ಎರಡು ಕೈ ಒಂದನ್ನೊಂದು ಹಿಡಕೊಂಡಾವ.
ಅಮೇರಿಕಾದ್ದು, ಅಂದ್ಳು.
ನಮ್ಮವ್ವ ರೇಷನ್ ಸಾಲಿನ್ಯಾಗ ನಿಂತು ತಂದ ಕೆಂಪು ಜ್ವಾಳ,
ನಾ ಆಗ ಆಕಿ ಹೊಟ್ಟ್ಯಾಗ.
ಎಷ್ಟು ನಾದಿದ್ರೂ ಜಿಗಿ ಹಿಡೀಲಿಲ್ಲಂತ,
ಬಡದ್ರ ಅಂಚಿಗಿ ಸೀಳತಿತ್ತಂತ ರೊಟ್ಟಿ.
ಹಸದಿದ್ರು, ಉಂಡ್ರು. ಉಂಡಿದ್ದು ಸುಳ್ಳಲ್ಲ.
ಆದ್ರ ಅವ್ವ ಸಾಯೂತನಾ ಹೇಳ್ತಿದ್ಳು:
ಕೊಟ್ಟವರಿಗಿ ಬೈಬ್ಯಾಡ,
ಸಾಲಿನ್ಯಾಗ ಮತ್ತ ನಿಂದ್ರಬ್ಯಾಡ.

ಒಮ್ಮೊಮ್ಮಿ ಹಂಚಿನ ಮುಂದ ಕುಂತು ಕೇಳ್ತಾಳ:
ಆ ಜ್ವಾಳ ಬಿತ್ತಿದಾಂವ ಯಾರಿರಬೇಕು?
ನಮ್ಮ ಬೆವರಿನ ರೊಕ್ಕ ಎಲ್ಲಿಗಿ ಹೊಂಟದ ಅಂತ
ಅಲ್ಲೀನೂ ಒಬ್ಬಾಕಿ ಕೇಳಿರಬೇಕಲ್ಲ?
ಕಟ್ಟಿ ಮ್ಯಾಲ ತನ್ನ ದೇಶದ ಝಂಡಾ ತೂಗಬಿಟ್ಟು,
ಬಾಗಲಾ ಬಾಗಲಾ ಅಡ್ಡ್ಯಾಡಿ,
ನಮ್ಮ ಓಣಿ ನಾವ್ ನೋಡ್ಕೋತೀವಿ, ನೀವು ಲೆಕ್ಕ ತೋರಸ್ರಿ ಅಂತ.
ಆಕಿಗಿ ನನ್ನ ಭಾಷಾ ತಿಳಿಯಾಂಗಿಲ್ಲ.
ಜಗಳ ತಿಳೀತದ.

ಸಪ್ಟೆಂಬರ್ ಹದಿನೇಳು.
ನಮ್ಮ ಕಡಿ ಝಂಡಾ ಎರಡು ಸಲ ಏರ್ತದ,
ದೇಶಕ್ಕ ಬಂದು ವರ್ಷದ ಮ್ಯಾಲ ನಮಗ ಬಂದದ್ದು ಸ್ವಾತಂತ್ರ್ಯ.
ತಡಾ ಬಂದಿದ್ದು ಗಟ್ಟಿ ಹಿಡೀಬೇಕು ಅಂತಾಳ.
ಸಾಹೇಬರ ಜೀಪು ಬರೂದ್ರೊಳಗ
ಗಟಾರದ ಕಲ್ಲಿನ ಮ್ಯಾಲ ನಿಂತು, ಬಿದಿರಿಗಿ ಕಟ್ಟಿ ಏರಿಸಿ,
ಜನಗಣಮನ ನಡುವ ಮರತು, ಮತ್ತ ಮೊದಲಿಂದ ಹಾಡಿ,
ಆ ಮ್ಯಾಲ ಹೋದ್ಳು ನಾಮಪತ್ರ ಕೊಡಾಕ.

ಗುರ್ತಿಗಿ ಹಂಚು ಕೇಳಿದ್ರ ಸೀಟಿ ಕೊಟ್ರು.
ಮುಂದಿನ ಎರಡು ಹಲ್ಲಿಲ್ಲ, ಊದಿದ್ರ ಬರೇ ಗಾಳಿ.
ಓಣಿ ಹುಡುಗರೇ ಊದಿದ್ರು, ಕಿವಿ ಕಿತ್ತು ಬರೂಹಾಂಗ.

ಹನ್ನೊಂದು ಓಟಿಗಿ ಸೋತ್ಳು.
ಹಿಂದಿನ ರಾತ್ರಿ ಯಾರ ಮನಿಗಿ ಏನು ಬಂತು
ಎಲ್ಲರಿಗೂ ಗೊತ್ತು, ನನಗೂ ಗೊತ್ತು,
ನಮ್ಮ ಮನ್ಯಾಗೂ ಒಂದು ಸೀರಿ ಅದ, ಇನ್ನಾ ಯಾರೂ ಉಟ್ಟಿಲ್ಲ.

ಮರುದಿನ ಮುಂಜಾನಿ ಬಂದ್ಳು,
ಉಳದರ್ಧಾ ರೊಕ್ಕ ಎಣಿಸಿ ಕೊಟ್ಟು,
ಪಾವತಿ ಬರಿ ಅಂದ್ಳು.
ಇಪ್ಪತ್ತಾರು ವರ್ಷದಾಗ ಪಾವತಿ ಬರದವನಲ್ಲ ನಾ.
ನನ್ನ ಹೆಸರು ನಾನೇ ತಪ್ಪು ಬರದೆ.

ಗೆದ್ದಾಂವ ಸಂಜಿಗಿ ಹೇಳಿ ಕಳಸ್ಯಾನ:
ಅದರ ಮ್ಯಾಲ ಸುಣ್ಣ ಹೊಡಿ, ನನ್ನ ಹೆಸರು ಬರಿ, ಅರ್ಧಾ ತೊಗೊ.
ಪೂರಾ ಕೊಡು, ಪಾವತಿ ಕೊಡ್ತೀನಿ ಅಂದೆ.
ಬಂದ ಹುಡುಗ ನಕ್ಕ,
ನಾ ನಗಲಿಲ್ಲಂತ ನೋಡಿ ಸುಮ್ಮಾದ.
ಬ್ರಶ್ ನೀರಾಗ ಇಟ್ಟು,
ಗ್ವಾಡಿಗಿ ಬೆನ್ನು ಹಚ್ಚಿ ಕುಂತೀನಿ.